ಸಂಪಾದಕರ ಉತ್ತರ: ಕಾಪಿ ಪುಸ್ತಕ ಇನ್ನೂ ಯಾಕೆ ಬೇಕು?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಮಗ ನಾಲ್ಕನೇ ಕ್ಲಾಸು. ದಿನಾ ಒಂದು ಪುಟ ಕಾಪಿ ಬರೆಸುತ್ತಾರೆ. ಮುಂದೆ ಎಲ್ಲಾ ಕೆಲಸ ಕಂಪ್ಯೂಟರಿನಲ್ಲೇ ಅಲ್ವಾ? ಆ ಹೊತ್ತಲ್ಲಿ ಟೈಪಿಂಗ್ ಕಲಿಸಬಾರದೇ?’

ಕಲಿಸಿ, ಖಂಡಿತ ಕಲಿಸಿ. ಕನ್ನಡದಲ್ಲಿ ಸರಾಗವಾಗಿ ಟೈಪ್ ಮಾಡಲು ಬಂದರೆ ನಾಳೆ ಅವನಿಗೇ ಅನುಕೂಲ. ಆದರೆ ಕಾಪಿ ಪುಸ್ತಕದ ಹೊತ್ತನ್ನು ಕಿತ್ತು ಕೊಡಬೇಡಿ.

ನೀವು ಕಲಿತ ಕಾಗುಣಿತ ನೆನಪಿದೆಯಾ? ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು. ಬಾಯಿ ಹೇಳುತ್ತಿತ್ತು, ಕೈ ತಿದ್ದುತ್ತಿತ್ತು. ಗುಡಿಸು ಎಲ್ಲಿ, ಕೊಂಬು ಎಲ್ಲಿ ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಈಗ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಸಾಕು, ಕನ್ನಡ ತಾನಾಗಿ ಮೂಡುತ್ತದೆ. ಅಲ್ಲಿ ಒತ್ತಕ್ಷರ ಕಟ್ಟುವುದು ಯಂತ್ರ, ಮಗು ಅಲ್ಲ.

ಕೆಲಸ ಕೇಳಿಕೊಂಡು ನಮ್ಮ ಕಚೇರಿಗೆ ಒಬ್ಬ ಹುಡುಗ ಬಂದಿದ್ದ. ಜಾಣ, ಚೆನ್ನಾಗಿ ಓದಿಕೊಂಡವನು. ಹತ್ತು ಸಾಲು ಪೆನ್ನಿನಲ್ಲಿ ಬರಿ ಅಂದೆ. ‘ವಿಜ್ಞಾನ’ ಬಂದಾಗ ಕೈ ನಿಂತಿತು. ‘ಸರ್, ಜ ಕೆಳಗೆ ಯಾವ ಒತ್ತು?’ ಆ ಪದವನ್ನು ಅವನು ಸಾವಿರ ಸಲ ಟೈಪ್ ಮಾಡಿರಬೇಕು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು.

ಇದು ಹಳಬರ ಹಳಹಳಿಕೆ ಅನ್ನಬೇಡಿ. ನಾರ್ವೆಯಲ್ಲಿ 36 ವಿದ್ಯಾರ್ಥಿಗಳ ತಲೆಗೆ 256 ಸೆನ್ಸರ್ ಇರುವ ಬಲೆ ತೊಡಿಸಿ ಪರೀಕ್ಷೆ ಮಾಡಿದ್ದಾರೆ. 2024ರಲ್ಲಿ ಅದರ ವರದಿ ಬಂತು. ಟೈಪ್ ಮಾಡುವಾಗ ಇದ್ದದ್ದಕ್ಕಿಂತ ಕೈಯಲ್ಲಿ ಬರೆಯುವಾಗ ಮೆದುಳಿನ ಭಾಗಗಳ ನಡುವೆ ಸಂಪರ್ಕ ಬಹಳ ಜಾಸ್ತಿ ಇತ್ತು. ಅವರು ಬರೆದದ್ದು ಕಾಗದದ ಮೇಲಲ್ಲ, ಪರದೆ ಮೇಲೆ ಡಿಜಿಟಲ್ ಪೆನ್ನಿನಲ್ಲಿ. ಅಂದರೆ ಗುಣ ಇರುವುದು ಕೈಯ ಓಟದಲ್ಲಿ.

ನಿಮ್ಮ ಮಗನಿಗೆ ಬೇಸರ ಯಾಕೆ ಅಂತಲೂ ಯೋಚಿಸಿ. ತಪ್ಪು ಮಾಡಿದರೆ ‘ಐವತ್ತು ಸಲ ಬರಿ’ ಅನ್ನುತ್ತೇವೆ. ಬರವಣಿಗೆಯನ್ನು ಶಿಕ್ಷೆ ಮಾಡಿದವರು ನಾವು, ದೊಡ್ಡವರು. ಮಗುವಿಗೆ ಸಾವಿರಾರು ರೂಪಾಯಿಯ ಟ್ಯಾಬ್ ಕೊಡಿಸುವ ನಮಗೆ ಅದರ ನೋಟ್‌ಬುಕ್ ಬಿಡಿಸಿ ನೋಡಲು ಪುರುಸೊತ್ತಿಲ್ಲ. ಮನೆಯ ಸಾಮಾನಿನ ಚೀಟಿಯೂ ವಾಟ್ಸಾಪಿಗೆ ಹೋಯಿತು. ಅಪ್ಪ ಅಮ್ಮ ಪೆನ್ನು ಹಿಡಿದದ್ದನ್ನು ಎಷ್ಟು ಮಕ್ಕಳು ನೋಡಿದ್ದಾರೆ?

ನಾಳೆ ಸಂತೆಗೆ ಹೋಗುವಾಗ ಚೀಟಿಯನ್ನು ಮಗನಿಂದಲೇ ಬರೆಸಿ. ‘ಬೆಳ್ಳುಳ್ಳಿ’ಗೆ ಒತ್ತು ಎಷ್ಟು ಅಂತ ಕೇಳಿದರೆ ಹೇಳಿಬಿಡಬೇಡಿ, ಅವನೇ ಯೋಚಿಸಲಿ.