ಶೆನಂಡೋವಾ ಪಾರ್ಕಿನ ಜಮೀನು ಕೊಂಡಿದ್ದೋ, ಕಿತ್ತುಕೊಂಡಿದ್ದೋ?

ಅಮೆರಿಕದ ಶೆನಂಡೋವಾ ರಾಷ್ಟ್ರೀಯ ಉದ್ಯಾನದ ಜಮೀನನ್ನು ಸರ್ಕಾರ ಕೊಂಡಿತೋ, ಬಲವಂತವಾಗಿ ಕಿತ್ತುಕೊಂಡಿತೋ ಅಂತ ಕೇಳಿದ್ದೀರಿ. ಎರಡೂ ಹೌದು. 1926ರಲ್ಲಿ ಅಲ್ಲಿನ ಸಂಸತ್ತು ಪಾರ್ಕಿಗೆ ಒಪ್ಪಿಗೆ ಕೊಟ್ಟಿತು, ಆದರೆ ಜಾಗ ಕೊಳ್ಳಲು ಕೇಂದ್ರದ ದುಡ್ಡು ಕೊಡಲಿಲ್ಲ, ವರ್ಜೀನಿಯಾ ರಾಜ್ಯವೇ ಜಮೀನು ಹೊಂದಿಸಿ ಒಪ್ಪಿಸಬೇಕಿತ್ತು. ಮಾಲೀಕರು ನೂರಾರು ಜನ, ಮಾರಲು ಒಪ್ಪದವರೂ ಇದ್ದರು. ಒಬ್ಬೊಬ್ಬರ ಹತ್ತಿರ ಚೌಕಾಸಿ ಮಾಡುತ್ತಾ ಕೂತರೆ ಮುಗಿಯುವುದಿಲ್ಲ ಅಂತ ರಾಜ್ಯ 1928ರಲ್ಲಿ ಕಾನೂನು ಮಾಡಿ, ಒಂದೊಂದು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಭಾಗದ) ಜಮೀನನ್ನೂ ಒಟ್ಟಿಗೆ ಕೋರ್ಟಿನ ಮೂಲಕ ವಶಕ್ಕೆ ತೆಗೆದುಕೊಂಡಿತು.

ಹೀಗೆ ಬಲವಂತವಾಗಿ ಜಮೀನು ತೆಗೆದುಕೊಳ್ಳಲು ಅದು ಸಾರ್ವಜನಿಕ ಉಪಯೋಗಕ್ಕಾಗಿರಬೇಕು. ಪಾರ್ಕ್ ಕೂಡ ಸಾರ್ವಜನಿಕ ಉಪಯೋಗವೇ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1893ರಲ್ಲೇ ವಾಷಿಂಗ್ಟನ್ನಿನ ರಾಕ್ ಕ್ರೀಕ್ ಪಾರ್ಕ್ ಕೇಸಿನಲ್ಲಿ ಹೇಳಿತ್ತು, ಹಾಗಾಗಿ ಎದುರು ವಾದ ನಿಲ್ಲುವುದು ಕಷ್ಟವಿತ್ತು. ಶೆನಂಡೋವಾದಲ್ಲೂ ಒಬ್ಬ ಮಾಲೀಕರು ಕೋರ್ಟಿಗೆ ಹೋಗಿ ಸೋತರು.

ಸಂವಿಧಾನದ ಐದನೇ ತಿದ್ದುಪಡಿ ಪ್ರಕಾರ ನ್ಯಾಯವಾದ ಪರಿಹಾರ ಕೊಡಲೇಬೇಕು, ಸರಿ. ಆದರೆ ಆ ದುಡ್ಡು ಪತ್ರ ಇದ್ದವರಿಗೆ ಮಾತ್ರ. ಗೇಣಿಗೆ ಇದ್ದವರು, ಪತ್ರವೇ ಇಲ್ಲದೆ ತಲೆಮಾರುಗಳಿಂದ ಬೆಟ್ಟದಲ್ಲಿ ಉತ್ತು ಬದುಕಿದವರು ಜಮೀನಿಗೆ ಕಾಸೂ ಸಿಗದೆ ಮನೆ ಬಿಡಬೇಕಾಯಿತು. ನನ್ನ ಪ್ರಕಾರ ದೊಡ್ಡ ಅನ್ಯಾಯ ಇದೇ. ಪಾರ್ಕ್ ಚೆನ್ನಾಗಿದೆ ಅಂದಮಾತ್ರಕ್ಕೆ ಇದನ್ನು ಮರೆಯಬಾರದು, ಅಲ್ವಾ? ನಿಮಗೆ ಬೇಕಾದ ನಿರ್ದಿಷ್ಟ ಜಮೀನಿನ ವಿವರಕ್ಕೆ ಆಯಾ ಕೌಂಟಿ ಕೋರ್ಟಿನ ಹಳೆಯ ಸ್ವಾಧೀನ ದಾಖಲೆಗಳನ್ನು ನೋಡಿ.