ಮಳೆನಾಡಿನ ಮನೆಗೆ ಕೇಬಲ್ಲೋ, ಡಿಶ್ಶೋ?

ಪ್ರಶ್ನೆ: ಸರ್, ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ತೋಟದ ನಡುವಿನ ಒಂಟಿ ಮನೆ. ಟಾರ್ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಹತ್ತು ವರ್ಷದಿಂದ ಕೇಬಲ್ ಇದೆ. ಹೋದ ಮಳೆಗಾಲದಲ್ಲಿ ಲೈನ್ ಕಡಿದು ಹನ್ನೊಂದು ದಿನ ಟಿ.ವಿ. ಇರಲಿಲ್ಲ. ಅತ್ತೆಗೆ ಸಂಜೆ ಏಳರಿಂದ ಧಾರಾವಾಹಿ ಬೇಕೇ ಬೇಕು. ಮಾವನಿಗೆ ಚಂದನ ಮತ್ತು ಕ್ರಿಕೆಟ್. ಡಿಶ್ ಹಾಕಿಸೋಣ ಅಂದರೆ ನಮ್ಮನೆಯವರು, “ಮಳೆ ಬಂದರೆ ಅದೂ ಹೋಗುತ್ತದೆ, ಸುಮ್ನೆ ದುಡ್ಡು ದಂಡ” ಅನ್ನುತ್ತಾರೆ. ಏನು ಮಾಡಲಿ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ತಂಗೀ, ನಿಮ್ಮ ಮನೆಗೆ ಡಿಶ್ಶೇ ಸರಿ. ಸಾಗರದಲ್ಲಿ 28 ವರ್ಷ ಟಿ.ವಿ. ರಿಪೇರಿ ಅಂಗಡಿ ನಡೆಸಿದ್ದೇನೆ. ನಿಮ್ಮಂಥ ತೋಟದ ಮನೆಗಳಿಗೆ ಮಳೆಗಾಲದಲ್ಲಿ ಕೊಡೆ ಹಿಡಿದು ನಡೆದುಕೊಂಡು ಹೋಗಿದ್ದೇನೆ. ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನಿಮ್ಮನೆಯವರ ಮಾತು ಸುಳ್ಳಲ್ಲ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅಲ್ಲಿಂದ ಬರುವ ಅಲೆಯ ಉದ್ದ ಬರೀ ಎರಡೂವರೆ ಸೆಂಟಿಮೀಟರ್. ದಪ್ಪ ಹನಿಯ ಮಳೆ ಅದನ್ನು ಹೀರಿಕೊಂಡು ಚೆಲ್ಲಾಡಿಬಿಡುತ್ತದೆ. ಆದರೆ ಮಳೆಗೆ ಹೋದ ಚಿತ್ರ ಮಳೆ ಇಳಿದ ಮೇಲೆ ತಾನಾಗೇ ಬರುತ್ತದೆ. ಜೋರು ಹೊಡೆತಕ್ಕೆ ಹತ್ತು ನಿಮಿಷ, ಹದಿನೈದು ನಿಮಿಷ ಹೋದೀತು. ಪುನರ್ವಸು ಮಳೆ ಬಿಡದೆ ಹಿಡಿದಾಗಲೂ ಇಡೀ ಸಂಜೆ ಟಿ.ವಿ. ಇಲ್ಲದ ದಿನ ನಾನು ಕಂಡದ್ದು ಕಡಿಮೆ. ಸಣ್ಣ ಜಿಟಿಜಿಟಿ ಮಳೆಗೇ ಚಿತ್ರ ಹೋಗುತ್ತದೆ ಅಂದರೆ ಅದು ಮಳೆಯ ತಪ್ಪಲ್ಲ, ಡಿಶ್ ಕೂರಿಸಿದ್ದು ಸರಿ ಇಲ್ಲ.

ಕೇಬಲ್ ಹಾಗಲ್ಲ. ಹೋದರೆ ಯಾರಾದರೂ ಬಂದು ಜೋಡಿಸಬೇಕು. ಒಂದೂವರೆ ಕಿಲೋಮೀಟರ್ ತಂತಿ ತೋಟದ ಮೇಲೆ ಬರುತ್ತದೆ. ಒಂದು ಹಲಸಿನ ಕೊಂಬೆ ಬಿದ್ದರೆ ಸಾಕು. ಮಂಗಗಳಂತೂ ಅದರ ಮೇಲೇ ಓಡಾಡುತ್ತವೆ. ಆ ದಾರಿಯಲ್ಲಿ ಇರುವುದು ನಿಮ್ಮದೊಂದೇ ಮನೆ. ಕೇಬಲ್‌ನವರು ಮೊದಲು ಪೇಟೆಯ ಐವತ್ತು ಮನೆಯ ಲೈನ್ ಸರಿಮಾಡುತ್ತಾರೆ, ಆಮೇಲೆ ನಿಮ್ಮ ಸರದಿ. ಅವರನ್ನು ಬೈದು ಪ್ರಯೋಜನ ಇಲ್ಲ, ಮಳೆಯಲ್ಲಿ ಕಂಬ ಹತ್ತುವುದು ಜೀವದ ಪ್ರಶ್ನೆ.

ಇನ್ನೊಂದು ವಿಷಯ ಜಾಸ್ತಿ ಜನ ಯೋಚಿಸುವುದಿಲ್ಲ. ಕೇಬಲ್ ಸಿಗ್ನಲ್ ದಾರಿಯಲ್ಲಿ ಸೋರಿಹೋಗುತ್ತದೆ ಅಂತ ಅಲ್ಲಲ್ಲಿ ಆಂಪ್ಲಿಫೈಯರ್ ಇಟ್ಟಿರುತ್ತಾರೆ. ಅದಕ್ಕೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದು ಟಿ.ವಿ. ಹತ್ತಿಕೊಂಡರೂ, ದಾರಿಯ ಆಂಪ್ಲಿಫೈಯರ್‌ಗೆ ಕರೆಂಟ್ ಇಲ್ಲದಿದ್ದರೆ ಚಿತ್ರ ಬರುವುದಿಲ್ಲ. ಡಿಶ್‌ಗೆ ನಿಮ್ಮ ಯುಪಿಎಸ್ ಒಂದೇ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ?

ಈಗ ನಿಮ್ಮ ಅಡಿಕೆ ಮರಗಳ ವಿಚಾರ. ಯಾವ ಕಂಪನಿ ಅಂತ ಆರಿಸುವ ಮೊದಲು ಅಂಗಳದಲ್ಲಿ ನಿಂತು ಆಕಾಶ ನೋಡಿ. ಟಾಟಾ ಪ್ಲೇಯ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ನಮ್ಮ ಕಡೆಯಿಂದ ನೋಡಿದರೆ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ, ನೆಲದಿಂದ ಸುಮಾರು 70 ಡಿಗ್ರಿ ಎತ್ತರದಲ್ಲಿ. ಅಂದರೆ ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಏರ್‌ಟೆಲ್‌ನದ್ದು 108.2 ಡಿಗ್ರಿಯಲ್ಲಿ. ಅದು ಪೂರ್ವದ ಕಡೆಗೆ, 48 ಡಿಗ್ರಿಯಷ್ಟೇ ಎತ್ತರದಲ್ಲಿ ಸಿಗುತ್ತದೆ. ಡಿಶ್‌ಗಿಂತ 35 ಅಡಿ ಎತ್ತರದ ಅಡಿಕೆ ಮರ ಎದುರಿಗಿದೆ ಅನ್ನಿ. 83ರ ಉಪಗ್ರಹಕ್ಕಾದರೆ ಆ ಮರ 13 ಅಡಿ ದೂರ ಇದ್ದರೂ ನಡೆಯುತ್ತದೆ. 108.2ಕ್ಕೆ 32 ಅಡಿಯಾದರೂ ಬೇಕು. ತೋಟ ಮನೆಗೆ ತಾಗಿಕೊಂಡೇ ಇದ್ದರೆ ಎತ್ತರದ ಉಪಗ್ರಹವೇ ಕ್ಷೇಮ. ಎತ್ತರದಿಂದ ಬರುವ ಅಲೆ ಮಳೆಯೊಳಗೆ ಸಾಗುವ ದೂರವೂ ಕಡಿಮೆ. ಪೂರ್ವದ ಕಡೆ ಗದ್ದೆಬಯಲು ಇದ್ದರೆ ಯಾವುದಾದರೂ ಆದೀತು. ಇವತ್ತಿನ ಮರ ನೋಡಿ ಸುಮ್ಮನಾಗಬೇಡಿ, ಐದು ವರ್ಷದ ನಂತರದ ಮರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಿಶ್ ಕೂರಿಸಲು ಹುಡುಗ ಬಂದಾಗ ನೀವು ಹತ್ತಿರ ನಿಂತು ಒಂದು ಕೆಲಸ ಮಾಡಿಸಿ. ಹೋದ ವರ್ಷ ಒಂದು ಮನೆಗೆ ಕರೆದಿದ್ದರು, ಮಳೆ ಇಲ್ಲದಾಗಲೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿಗೆ, ಅಂದರೆ ಎಲ್‌ಎನ್‌ಬಿಗೆ, ಚುಚ್ಚುವ ವಯರಿನ ಪಿನ್ ತಿರುಗಿಸಿ ತೆಗೆದೆ. ಒಂದು ಹನಿ ನೀರು ನನ್ನ ಬೆರಳ ಮೇಲೆ ಇಳಿಯಿತು. ಒಳಗಿನ ತಾಮ್ರದ ಬಣ್ಣದ ತಂತಿಗೆ ಹಸಿರು ಕಿಲುಬು, ಮುಟ್ಟಿದರೆ ಪುಡಿ. ಆರು ಅಂಗುಲ ವಯರ್ ಕತ್ತರಿಸಿ ಹೊಸ ಪಿನ್ ಹಾಕಿದೆ, ಚಿತ್ರ ಕನ್ನಡಿಯ ಹಾಗೆ ಬಂತು. ಆ ಮನೆಯವರು ಅದಕ್ಕೂ ಮೊದಲು ಟಿ.ವಿ. ಪಕ್ಕದ ಸೆಟ್‌ಟಾಪ್ ಪೆಟ್ಟಿಗೆಯನ್ನೇ ಬದಲಿಸಿ ದುಡ್ಡು ಕಳೆದುಕೊಂಡಿದ್ದರು, ನನಗೆ ಬಹಳ ಬೇಜಾರಾಯಿತು. ಹಾಗಾಗಿ ಪಿನ್ ಮೇಲೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿಸಿ. ಗೋಡೆಯೊಳಗೆ ಹೋಗುವ ಮೊದಲು ವಯರ್ ಕೆಳಗೆ ಜೋತು ಬಿದ್ದು ಮೇಲೆ ಏರುವಂತೆ ಬಿಡಿಸಿ. ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬರುವುದಿಲ್ಲ. ಹೆಂಚಿನ ಮಾಡಿನ ರೀಪಿಗೆ ಡಿಶ್ ಕಟ್ಟಿಸಬೇಡಿ. ಗಾಳಿಗೆ ಎರಡು ಡಿಗ್ರಿ ಅಲುಗಿದರೂ ಕೆಲಸ ಕೆಟ್ಟಿತು. ಕೊಟ್ಟಿಗೆಯ ಪಕ್ಕ ಸಿಮೆಂಟಿನಲ್ಲಿ ಕಬ್ಬಿಣದ ಪೈಪ್ ನೆಡಿಸಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2019ರ ಫೆಬ್ರವರಿಯಿಂದ ಕೇಬಲ್‌ಗೂ ಡಿಶ್‌ಗೂ ಟಿ.ವಿ., ಫೋನ್ ಸೇವೆಗಳನ್ನು ನಿಯಂತ್ರಿಸುವ ಸಂಸ್ಥೆ ಟ್ರಾಯ್‌ನ ಒಂದೇ ನಿಯಮ. ಚಾನೆಲ್ ಬೆಲೆ ಚಾನೆಲ್‌ನವರೇ ಹೇಳುತ್ತಾರೆ, ಅದರ ಮೇಲೆ ನೆಟ್‌ವರ್ಕ್ ಶುಲ್ಕ, 18 ಪರ್ಸೆಂಟ್ ಜಿಎಸ್‌ಟಿ. ಮೊದಲು ಆ ಶುಲ್ಕಕ್ಕೆ 130 ರೂಪಾಯಿಯ ಮಿತಿ ಇತ್ತು. 2024ರಲ್ಲಿ ಅದನ್ನು ತೆಗೆದರು. ಆದ್ದರಿಂದ “ಪ್ಯಾಕ್ ಎಷ್ಟು” ಅಂತ ಕೇಳಬೇಡಿ, “ಎಲ್ಲಾ ಸೇರಿ ತಿಂಗಳಿಗೆ ಎಷ್ಟು” ಅಂತ ಕೇಳಿ. ಅತ್ತೆ ನೋಡುವುದು ನಾಲ್ಕೈದು ಚಾನೆಲ್. ಅವರನ್ನೇ ಕೂರಿಸಿಕೊಂಡು ಪಟ್ಟಿ ಮಾಡಿ, ಅಷ್ಟನ್ನೇ ಹಾಕಿಸಿ.

ಮಾವನಿಗೆ ಜಗಲಿಯಲ್ಲಿ ಹಳೇ ಟಿ.ವಿ. ಇದ್ದರೆ ಅದಕ್ಕೆ ಡಿಡಿ ಫ್ರೀ ಡಿಶ್ ಹಾಕಿಸಿ. ಪ್ರಸಾರ ಭಾರತಿಯದ್ದು, 2004ರಿಂದ ಇದೆ. ಪೆಟ್ಟಿಗೆ, ಡಿಶ್ ಒಂದು ಸಲ ಕೊಂಡರೆ ಮುಗಿಯಿತು, ತಿಂಗಳ ದುಡ್ಡಿಲ್ಲ. ಚಂದನ ಬರುತ್ತದೆ. ಭಾರತ ತಂಡದ ಒಂದು ದಿನದ ಪಂದ್ಯ, ಟಿ20ಗಳನ್ನು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು ಅಂತ 2007ರ ಕಾನೂನಿದೆ. ಹಾಗೆ ಹಂಚಿಕೊಂಡ ಪಂದ್ಯ ಫ್ರೀ ಡಿಶ್‌ನಲ್ಲಿ ನೋಡಲು ಸಿಗುತ್ತದೆ. ಅತ್ತೆಯ ಟಿ.ವಿ.ಗೆ ಮಾತ್ರ ಇದು ಆಗದು, ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳು ಇದರಲ್ಲಿ ಬರುವುದಿಲ್ಲ.

ಪ್ರಶ್ನೆ: ನಾವು ಬೆಂಗಳೂರಿನ ರಾಜಾಜಿನಗರದಲ್ಲಿ ಬಾಡಿಗೆಗೆ ಇದ್ದೇವೆ. ಒಂದನೇ ಮಹಡಿ, ಬಾಲ್ಕನಿ ಉತ್ತರಕ್ಕೆ. ಮನೆ ಓನರ್ ಟೆರೇಸ್ ಮೇಲೆ ಏನೂ ಹಾಕಬೇಡಿ ಅನ್ನುತ್ತಾರೆ. ಡಿಶ್ ಹಾಕಿಸಬಹುದೇ?

ಉತ್ತರ: ಬೇಡ. ಇಲ್ಲಿಂದ ಉಪಗ್ರಹಗಳು ದಕ್ಷಿಣ, ಪೂರ್ವದ ಕಡೆಗೇ ಇರುತ್ತವೆ. ಉತ್ತರದ ಬಾಲ್ಕನಿಯಿಂದ ಸಿಗುವುದಿಲ್ಲ. ಕೇಬಲ್ ತಗೊಳ್ಳಿ. ನಿಮ್ಮ ಬೀದಿಯಲ್ಲಿ ಲೈನ್ ಹೋದರೆ ಐವತ್ತು ಮನೆಯವರು ಫೋನ್ ಮಾಡುತ್ತಾರೆ, ಅವತ್ತೇ ಸರಿಯಾಗುತ್ತದೆ. ಒಂದೇ ಎಚ್ಚರಿಕೆ: ಪೆಟ್ಟಿಗೆಗೆ ದುಡ್ಡು ಕೊಡುವಾಗ ಅದು ನಿಮ್ಮದೇ ಆಗುತ್ತದೋ, ಮನೆ ಖಾಲಿ ಮಾಡುವಾಗ ವಾಪಸ್ ಕೊಟ್ಟು ಡೆಪಾಸಿಟ್ ತಗೊಳ್ಳಬೇಕೋ ಅಂತ ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ.