ಅವಧಿಗೆ ಮುನ್ನ ಮೊಬೈಲ್ ಕರಾರು ಬಿಟ್ಟರೆ ಕಟ್ಟಬೇಕಾದದ್ದೆಷ್ಟು?

ಪ್ರಶ್ನೆ: ಡೊಂಬಿವಲಿಯ ಅಂಗಡಿಯೊಂದರಲ್ಲಿ ಮಗನಿಗಾಗಿ ನನ್ನ ಹೆಸರಿನಲ್ಲಿ ಮೊಬೈಲ್ ಕೊಂಡೆ. ತಿಂಗಳಿಗೆ 1,500 ರೂಪಾಯಿಯಂತೆ 24 ಕಂತು. ಅದರ ಜೊತೆಗೆ ಅಷ್ಟೇ ಅವಧಿಗೆ 599 ರೂಪಾಯಿಯ ಪೋಸ್ಟ್‌ಪೇಯ್ಡ್ ಯೋಜನೆಯನ್ನೂ ಇಟ್ಟುಕೊಳ್ಳಬೇಕೆಂದು ಸಹಿ ಹಾಕಿಸಿಕೊಂಡರು. ಒಂಬತ್ತು ತಿಂಗಳು ತಪ್ಪದೆ ಕಟ್ಟಿದ್ದೇನೆ. ಮಗನಿಗೆ ಈಗ ಪುಣೆಯಲ್ಲಿ ಕೆಲಸವಾಗಿದೆ. ಅವನ ಕೋಣೆಯೊಳಗೆ ಈ ಕಂಪನಿಯ ಸಿಗ್ನಲ್ ಸಿಗುವುದಿಲ್ಲ. ಸಂಪರ್ಕ ಬಿಡುತ್ತೇವೆಂದರೆ, ಉಳಿದ 15 ತಿಂಗಳ 31,485 ರೂಪಾಯಿಯನ್ನು ಒಮ್ಮೆಲೇ ಕಟ್ಟಬೇಕೆಂದು ಅಂಗಡಿಯವರು ಹೇಳುತ್ತಾರೆ. ಫಾರ್ಮಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಇಷ್ಟು ಹಣ ಕಟ್ಟಲೇಬೇಕೇ?
– ಗೃಹಿಣಿ, ಡೊಂಬಿವಲಿ

ಉತ್ತರ: ಅಂಗಡಿಯವರ ಬಾಯಿಮಾತಿನ ಮೇಲೆ ಆ ಮೊತ್ತವನ್ನು ಕಟ್ಟಬೇಡಿ. ಹಾಗೆಂದು ಕಂತನ್ನಾಗಲಿ ಬಿಲ್ಲನ್ನಾಗಲಿ ಸುಮ್ಮನೆ ನಿಲ್ಲಿಸಿಬಿಡಲೂ ಬೇಡಿ. ಅವರು ಹೇಳಿರುವ ಮೊತ್ತದಲ್ಲಿ ಎರಡು ಬೇರೆ ಲೆಕ್ಕಗಳು ಬೆರೆತಿವೆ: 15 ಕಂತುಗಳ 22,500 ರೂಪಾಯಿ ಮತ್ತು 15 ತಿಂಗಳ ಯೋಜನೆಯ 8,985 ರೂಪಾಯಿ. ಮೊದಲನೆಯದು ನೀವು ಮಾಡಿರುವ ಸಾಲ. ಎರಡನೆಯದು ನೀವು ಇನ್ನೂ ಪಡೆಯದ ಸೇವೆಯ ದರ. ಇವೆರಡನ್ನು ಬೇರ್ಪಡಿಸದೆ ಯಾವ ಮಾತುಕತೆಗೂ ಕೂರಬೇಡಿ.

ಸಾಲದ ವಿಷಯವನ್ನು ಮೊದಲು ನೋಡೋಣ. ಮೊಬೈಲಿನ ಕಂತುಸಾಲವನ್ನು ಸಾಮಾನ್ಯವಾಗಿ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಕೊಟ್ಟಿರುತ್ತದೆ, ದೂರಸಂಪರ್ಕ ಕಂಪನಿಯಲ್ಲ. ಹಾಗಿದ್ದಲ್ಲಿ ಸಿಮ್ ಬದಲಾಯಿಸಿದ ಮಾತ್ರಕ್ಕೆ ಆ ಸಾಲ ಮುಗಿಯುವುದೂ ಇಲ್ಲ, ಸಾಲದ ಕರಾರಿನಲ್ಲಿ ಹಾಗೆ ಬರೆದಿರದಿದ್ದರೆ ಒಮ್ಮೆಲೇ ತೀರಿಸಬೇಕಾಗಿಯೂ ಇಲ್ಲ. ತಿಂಗಳಿಗೆ 1,500 ರೂಪಾಯಿಯಂತೆ ಕಟ್ಟುತ್ತಾ ಹೋಗಬಹುದು. ಮುಂಚಿತವಾಗಿ ತೀರಿಸುವ ಮನಸ್ಸಿದ್ದರೆ, ಇಂಥ ದಿನ ಸಾಲ ಮುಚ್ಚಲು ಎಷ್ಟು ಕಟ್ಟಬೇಕೆಂಬ ಲಿಖಿತ ವಿವರವನ್ನು ಸಾಲ ಕೊಟ್ಟವರಿಂದಲೇ ಕೇಳಿ. ಅದರಲ್ಲಿ ಉಳಿದ ಅಸಲು, ಆ ದಿನದವರೆಗಿನ ಬಡ್ಡಿ, ಕರಾರಿನಲ್ಲಿದ್ದರೆ ಮುಂಗಡ ಮುಕ್ತಾಯದ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಇರುತ್ತವೆ. ಕಂತಿನಲ್ಲಿ ಬಡ್ಡಿ ಸೇರಿದ್ದರೆ ಮುಂದಿನ ತಿಂಗಳುಗಳ ಬಡ್ಡಿ ಉಳಿಯುವುದರಿಂದ ಅಸಲು 22,500 ರೂಪಾಯಿಗಿಂತ ಕಡಿಮೆಯೇ ಆಗಬೇಕು. ಆದರೆ ‘ನೋ ಕಾಸ್ಟ್’ (ಬಡ್ಡಿಯಿಲ್ಲವೆಂದು ಹೇಳುವ) ಕಂತುಗಳಲ್ಲಿ ಬಡ್ಡಿಯನ್ನು ಬೆಲೆಯ ರಿಯಾಯಿತಿಯ ರೂಪದಲ್ಲಿ ಮೊದಲೇ ಸರಿದೂಗಿಸಿರುತ್ತಾರೆ. ಅಲ್ಲಿ ಬೇಗ ತೀರಿಸಿದರೆ ಉಳಿತಾಯಕ್ಕಿಂತ ಶುಲ್ಕವೇ ಹೆಚ್ಚಾಗಬಹುದು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2024ರ ಅಕ್ಟೋಬರ್ 1ರಿಂದ ಹೊಸ ವೈಯಕ್ತಿಕ ಸಾಲಗಳಿಗೆ ವಾರ್ಷಿಕ ದರ ಮತ್ತು ಎಲ್ಲ ಶುಲ್ಕಗಳನ್ನು ತೋರಿಸುವ ‘ಮುಖ್ಯಾಂಶಗಳ ಪತ್ರ’ವನ್ನು ಕೊಡುವುದು ಕಡ್ಡಾಯವಾಗಿದೆ. ನಿಮ್ಮ ಮೊಬೈಲಿಗೋ ಇ-ಮೇಲಿಗೋ ಅದು ಬಂದಿರಬೇಕು, ಹುಡುಕಿ ನೋಡಿ. ಒಂದು ಕಂತು ತಪ್ಪಿದರೂ ದಂಡ ಬೀಳುವುದಲ್ಲದೆ ಸಾಲ ತೀರಿಸಿದ ಚರಿತ್ರೆಯನ್ನು ತೋರಿಸುವ ನಿಮ್ಮ ಸಿಬಿಲ್ ದಾಖಲೆಗೂ ಪೆಟ್ಟು ಬೀಳುತ್ತದೆ. ನಾಳೆ ಮನೆಸಾಲಕ್ಕೆ ಹೋದಾಗ ಅದು ಅಡ್ಡಬರುತ್ತದೆ.

ಇನ್ನು ಸೇವೆಯ ಕರಾರು. ನಮ್ಮ ದೇಶದಲ್ಲಿ ಸಾಮಾನ್ಯ ಪೋಸ್ಟ್‌ಪೇಯ್ಡ್ ಸಂಪರ್ಕಕ್ಕೆ ಇಷ್ಟು ವರ್ಷ ಇರಲೇಬೇಕೆಂಬ ಕಟ್ಟು ಇರುವುದಿಲ್ಲ. ಬಳಸಿದ ದಿನದವರೆಗಿನ ಬಿಲ್ಲು ತೀರಿಸಿ ಬಿಡಬಹುದು. ಹ್ಯಾಂಡ್‌ಸೆಟ್ಟಿಗೆ ರಿಯಾಯಿತಿ ಕೊಟ್ಟು ಅದಕ್ಕೆ ಪ್ರತಿಯಾಗಿ ಅವಧಿ ಕಟ್ಟಿಹಾಕಿದಾಗ ಮಾತ್ರ ನಿರ್ಗಮನದ ಷರತ್ತಿನ ಪ್ರಶ್ನೆ ಏಳುತ್ತದೆ. ನೀವು ಕಳುಹಿಸಿರುವ ಫಾರ್ಮನ್ನು ನಾನು ಗಮನವಿಟ್ಟು ಓದಿದೆ. ಎರಡನೆಯ ಪುಟದ ಕೆಳಗೆ ‘ಅವಧಿಗೆ ಮುನ್ನ ಬಿಟ್ಟರೆ ಪಾವತಿಸಬೇಕಾದ ಮೊತ್ತ’ ಎಂಬ ಸಾಲಿದೆ. ಅದರ ಮುಂದಿನ ಜಾಗ ಖಾಲಿಯಾಗಿದೆ, ಅದರ ಮೇಲೆ ಅಂಗಡಿಯ ಮೊಹರು ಮಾತ್ರ ಬಿದ್ದಿದೆ. ಈ ಖಾಲಿ ಜಾಗವೇ ನಿಮ್ಮ ಬಲ. ಮೊತ್ತವನ್ನು ಯಾವ ನಿಬಂಧನೆಯ ಪ್ರಕಾರ ಲೆಕ್ಕ ಹಾಕಿದಿರಿ, ನಾನು ಸಹಿ ಮಾಡಿದ ಯಾವ ಕಾಗದದಲ್ಲಿ ಅದಿದೆ ಎಂದು ಕಂಪನಿಗೇ (ಅಂಗಡಿಗಲ್ಲ) ಇ-ಮೇಲ್ ಮೂಲಕ ಕೇಳಿ.

ಒಂದು ವೇಳೆ ಕಂಪನಿಯು ಅಂಥ ನಿಬಂಧನೆಯನ್ನು ತೋರಿಸಿದರೂ ಅದರಲ್ಲಿ ಬರೆದದ್ದೆಲ್ಲವೂ ತಾನಾಗಿ ಸಲ್ಲುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದವರಿಂದ ಪಡೆಯಬಹುದಾದದ್ದು ಸಮಂಜಸ ಪರಿಹಾರವೇ; ಬರೆದ ಮೊತ್ತ ಅದಕ್ಕೆ ಗರಿಷ್ಠ ಮಿತಿ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ, ಆದ ನಷ್ಟಕ್ಕೆ ಹೋಲಿಸಿದರೆ ತೀರಾ ವಿಪರೀತವಾದ ದಂಡ ವಿಧಿಸುವ ಕರಾರನ್ನು ‘ಅನ್ಯಾಯದ ಕರಾರು’ ಎಂದು ಗುರುತಿಸುತ್ತದೆ. ಕಂಪನಿಯು ಕೊಡದ ಸೇವೆಗೆ 15 ತಿಂಗಳ ಪೂರ್ಣ ದರ ಕೇಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ ಸರಿ. ಆದರೆ ಕೊಟ್ಟ ರಿಯಾಯಿತಿಯಲ್ಲಿ ಉಳಿದ ಅವಧಿಗೆ ತಕ್ಕ ಪಾಲನ್ನು ಕೇಳಿದರೆ ಅದನ್ನು ಕೊಡುವುದು ನ್ಯಾಯ.

ಬಿಡುವ ಮುನ್ನ ಎರಡು ದಾರಿಗಳನ್ನು ನೋಡಿ. ಮಗನ ಕೋಣೆಯಲ್ಲಿ ವೈಫೈ ಇದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿದಾಗ ಒಳಗಿನ ಸಿಗ್ನಲ್ ತೊಂದರೆ ಎಷ್ಟೋ ಕಡೆ ನೀಗುತ್ತದೆ. ಅಲ್ಲದೆ, ಕಂಪನಿ ಬಿಡದೆಯೇ ಕಡಿಮೆ ದರದ ಯೋಜನೆಗೆ ಹೋಗಲು ಕೇಳಿ. 599 ರೂಪಾಯಿಗೆ 18 ಪ್ರತಿಶತ ಜಿಎಸ್‌ಟಿ ಸೇರಿ ನೀವು ತಿಂಗಳಿಗೆ ಸುಮಾರು 707 ರೂಪಾಯಿ ತೆರುತ್ತಿದ್ದೀರಿ. ಯೋಜನೆ ಇಳಿದರೆ ಉಳಿದ ತಿಂಗಳುಗಳ ಹೊರೆಯೂ ಇಳಿಯುತ್ತದೆ.

ಇವೆರಡೂ ಆಗದಿದ್ದರೆ, ನಂಬರ್ ಪೋರ್ಟ್ ಮಾಡುವ (ಅದೇ ನಂಬರನ್ನು ಬೇರೆ ಕಂಪನಿಗೆ ಒಯ್ಯುವ) ಮುನ್ನ ಈ ಲೆಕ್ಕ ಇತ್ಯರ್ಥವಾಗಲಿ. ಏಕೆಂದರೆ ಕರಾರಿನಲ್ಲಿ ನಿರ್ಗಮನದ ಷರತ್ತಿದ್ದು ಅದನ್ನು ಪಾಲಿಸದಿದ್ದರೆ ಪೋರ್ಟ್ ಮನವಿಯನ್ನು ತಿರಸ್ಕರಿಸಲು ನಿಯಮದಲ್ಲಿಯೇ ಅವಕಾಶವಿದೆ. ಕಂಪನಿಯ ದೂರಿನ ಸಂಖ್ಯೆ 198ಕ್ಕೆ ಕರೆ ಮಾಡಿ ದೂರು ಬರೆಸಿ ಡಾಕೆಟ್ ಸಂಖ್ಯೆ (ದೂರಿನ ನೋಂದಣಿ ಸಂಖ್ಯೆ) ಪಡೆಯಿರಿ. ಸಮಾಧಾನವಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆದು ಕಾಯುವವರು ಬಹಳ ಮಂದಿ, ಆದರೆ ಅದು ವ್ಯಕ್ತಿಗತ ದೂರುಗಳನ್ನು ಇತ್ಯರ್ಥ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊನೆಗೆ ನೀವು ವಾಸವಿರುವ ಠಾಣೆ ಜಿಲ್ಲೆಯ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ದೂರಸಂಪರ್ಕ ಕಂಪನಿಗಳ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ ಎಂಬ ಹಳೆಯ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿದೆ. ಕರಾರೇ ಅನ್ಯಾಯದ್ದೆಂಬ ವಾದವನ್ನು ಮಾತ್ರ ರಾಜ್ಯ ಆಯೋಗದ ಮುಂದಿಡಬೇಕಾಗುತ್ತದೆ. ಆದ್ದರಿಂದ ಸೇವೆಯ ಲೋಪವನ್ನೂ ಲೆಕ್ಕದ ತಪ್ಪನ್ನೂ ಮುಂದಿಟ್ಟುಕೊಂಡು ಜಿಲ್ಲಾ ಆಯೋಗಕ್ಕೆ ಹೋಗುವುದು ನಿಮಗೆ ಸುಲಭ.

ಪ್ರಶ್ನೆ: ಬಿಲ್ಲೆಲ್ಲ ಕಟ್ಟಿ, ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಂಡೆ. ಈಗ ಹಳೆಯ ಕಂಪನಿಯಿಂದ ಮತ್ತೊಂದು ಬಿಲ್ಲು ಬಂದಿದೆ. ಕಟ್ಟದಿದ್ದರೆ ಏನಾಗುತ್ತದೆ?
– ಹೋಟೆಲ್ ನೌಕರರು, ಮುಲುಂಡ್

ಉತ್ತರ: ಪೋರ್ಟ್ ಮಾಡಿಸಲು ಬೇಕಾದ ಕೋಡ್ ಸಿಗಲು ನೀವು ತೀರಿಸಬೇಕಾದದ್ದು ಅದುವರೆಗೆ ಬಂದಿದ್ದ ಬಿಲ್ಲುಗಳನ್ನು ಮಾತ್ರ. ಕೊನೆಯ ಬಿಲ್ಲಿನ ತಾರೀಕಿನಿಂದ ನಂಬರ್ ಹೊಸ ಕಂಪನಿಗೆ ಹೋದ ದಿನದವರೆಗಿನ ಬಳಕೆಗೆ ಅಂತಿಮ ಬಿಲ್ಲು ಆಮೇಲೆ ಬರುತ್ತದೆ. ಅದು ಬರುವುದು ಸಹಜ. ಅದನ್ನು ಕಡೆಗಣಿಸಿದರೆ, ನಂಬರನ್ನು ನಿಲ್ಲಿಸುವಂತೆ ಹಳೆಯ ಕಂಪನಿಯು ಹೊಸ ಕಂಪನಿಯನ್ನು ಕೇಳಬಹುದು. ಪೋರ್ಟ್ ಆದ ನಂತರದ ದಿನಗಳಿಗೂ ದರ ಹಾಕಿದ್ದಾರೆಯೇ ಎಂದು ಪರೀಕ್ಷಿಸಿ, ಹಾಕಿದ್ದರೆ ಆ ಭಾಗವನ್ನು ಪ್ರಶ್ನಿಸಿ. ಮೊದಲು ಕಟ್ಟಿದ ಠೇವಣಿ ಇದ್ದರೆ ಅದನ್ನು ಬಿಲ್ಲಿಗೆ ಹೊಂದಿಸಿ ಉಳಿದದ್ದನ್ನು ಹಿಂದಿರುಗಿಸುವಂತೆ ಬರೆದು ಕೇಳಿ. ಎಲ್ಲ ತೀರಿದ ಮೇಲೆ ಬಾಕಿಯಿಲ್ಲವೆಂಬ ಪತ್ರ ಪಡೆದು, ಬ್ಯಾಂಕಿನಲ್ಲಿರುವ ಆಟೋ ಡೆಬಿಟ್ ರದ್ದುಮಾಡಿಸಿ.

ಪ್ರಶ್ನೆ: ಕಚೇರಿಯಿಂದ ಕೊಟ್ಟಿದ್ದ ನಂಬರನ್ನು ನಿವೃತ್ತಿಯ ನಂತರವೂ ಉಳಿಸಿಕೊಳ್ಳಬಹುದೇ? ಮುಂಬಯಿಯಿಂದ ಇಲ್ಲಿಗೆ ಬಂದು ನೆಲೆಸಿದ್ದೇನೆ.
– ನಿವೃತ್ತ ಅಧಿಕಾರಿ, ಪುಣೆ

ಉತ್ತರ: ಕಚೇರಿಯು ಒಪ್ಪಿಗೆಯ ಪತ್ರ ಕೊಟ್ಟರೆ ಸಾಧ್ಯ. ಮೊದಲು ನಂಬರು ನಿಮ್ಮ ಹೆಸರಿಗೆ ವರ್ಗವಾಗಲಿ. ಆಮೇಲೆ ಅದನ್ನು ಪುಣೆಗೆ ಪೋರ್ಟ್ ಮಾಡಿಸಬೇಕೆಂದಿದ್ದರೆ, ಆ ಅರ್ಜಿ ಬಾಕಿಯಿರುವಾಗ ಅದು ಆಗುವುದಿಲ್ಲ. ಒಂದೇ ರಾಜ್ಯವಾದರೂ ದೂರಸಂಪರ್ಕದ ಲೆಕ್ಕದಲ್ಲಿ ಮುಂಬಯಿ ಒಂದು ವಲಯ, ಪುಣೆ ಮತ್ತು ಗೋವಾ ಸೇರಿದ ಮಹಾರಾಷ್ಟ್ರ ಇನ್ನೊಂದು ವಲಯ. ವಲಯದೊಳಗೆ ಪೋರ್ಟ್‌ಗೆ ಮೂರು ಕೆಲಸದ ದಿನ ಸಾಕು, ನಿಮಗೆ ಐದು ದಿನ ಹಿಡಿಯುತ್ತದೆ. ಕೋಡ್ ನಾಲ್ಕು ದಿನ ಮಾತ್ರ ಊರ್ಜಿತವಿರುವುದರಿಂದ, ಗುರುತಿನ ದಾಖಲೆಗಳನ್ನು ಕೈಯಲ್ಲಿಟ್ಟುಕೊಂಡೇ ಕೋಡ್‌ಗಾಗಿ 1900ಕ್ಕೆ ಸಂದೇಶ ಕಳುಹಿಸಿ.